ಬ್ಯಾಕ್‌ಸ್ಪೇಸ್ ಕೀ ಇನ್ನೂ ಸರಿಹೋಗಿಲ್ಲ

ಮಾಂಬಳ್ಳಿ
19-11-2003, ಬುಧವಾರ

ಪ್ರೀತಿಯ ಕವಿತಾ,

ನಿನ್ನ ಕಾಗದ ಸೋಮವಾರವೇ ಬಂತು. ಉತ್ತರ ಬರೆಯೋಕೆ ಇವತ್ತು ಕೂತೆ. ಫೋನ್ ಯಾಕೆ ಮಾಡಲ್ಲ ಅಂತ ಬೈದಿದ್ದೀಯ. ಇಲ್ಲಿ ಬೂತ್ ಇದೆ ಕಣೇ, ಆದರೆ ನಮ್ಮ ಹಾಸ್ಟೆಲ್ ಫೋನು ವಾರ್ಡನ್ ಮೇಡಂ ಟೇಬಲ್ ಮೇಲೆ ಅಲ್ಲವಾ, ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಳ್ಳುತ್ತಾರೆ. ಅಪ್ಪನ ವಿಷಯ ಹೇಳುವಾಗ ನನ್ನ ಧ್ವನಿ ಬಸ್ಸಿನ ಟೈಮ್ ಹೇಳಿದ ಹಾಗೆ ಇರುತ್ತೆ. ಬೂತಿನಲ್ಲಿ ಕೇಳಿದವರು ಏನಂದುಕೊಳ್ಳುತ್ತಾರೋ. ಬರೆದರೆ ಧ್ವನಿ ಇರುವುದಿಲ್ಲ, ಅದೇ ವಾಸಿ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನೋಟಿಸ್ ವಿಷಯ ತಿಳಿಯಿತು. ಅಟೆಂಡೆನ್ಸ್ ಕಮ್ಮಿ ಇರುವವರು ಬರುವ ಸೋಮವಾರದೊಳಗೆ ಮನೆಯವರನ್ನು ಕರೆದುಕೊಂಡು ಹೋಗಿ ಎಚ್‌ಓಡಿ ಸರ್‌ನ ನೋಡಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ನನ್ನ ಹೆಸರೂ ಬೋರ್ಡಿನ ಮೇಲಿದೆ ಅಂತ ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೀಯ. ನಾನು ಬರೋಕೆ ರೆಡಿ. ಬ್ಯಾಗನ್ನು ಕೂಡ ಪೂರ್ತಿ ಬಿಚ್ಚಿಲ್ಲ. ಆದರೆ ಇಲ್ಲಿ ಒಂದು ಸಣ್ಣ ಕೆಲಸ ಬಾಕಿ ಇದೆ, ಅದು ಆಗದೆ ಹೊರಡೋ ಹಾಗಿಲ್ಲ. ನಗಬೇಡ. ಲ್ಯಾಪ್‌ಟಾಪಿನ ಬ್ಯಾಕ್‌ಸ್ಪೇಸ್ ಕೀ ರಿಪೇರಿ ಆಗಬೇಕು.

ನಮ್ಮ ಮನೆಗೆ ಲ್ಯಾಪ್‌ಟಾಪ್ ಎಲ್ಲಿಂದ ಬಂತು ಅಂತೀಯ. ಅಪ್ಪ ಯಳಂದೂರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿರೋದು ನಿನಗೆ ಗೊತ್ತಲ್ಲ. ನಿಂಗರಾಜು ಮೇಷ್ಟ್ರು ಅಂದರೆ ಯಳಂದೂರು, ಕೊಳ್ಳೇಗಾಲದ ಅರ್ಧ ಗುಮಾಸ್ತರು ಅವರ ಹತ್ತಿರ ಕಲಿತವರೇ. ಕಲಿಯೋರ ಕೈಮೇಲೆ ಟವೆಲ್ ಹೊದಿಸಿ, ಬೆರಳು ನೋಡಬೇಡ ಕಾಗದ ನೋಡು ಅನ್ನುತ್ತಿದ್ದರಂತೆ. ಅಂತೆ ಅಂತ ಯಾಕೆ ಬರೆದೆ ಅಂದರೆ, ನಾನು ಅಲ್ಲಿ ಒಂದು ದಿನವೂ ಕೂತು ನೋಡಿದವಳಲ್ಲ. ಐದನೇ ಕ್ಲಾಸಿಗೇ ನಿನ್ನ ಜೊತೆ ಹಾಸ್ಟೆಲ್ ಸೇರಿದೆ. ನನಗೆ ಗೊತ್ತಿರುವ ಅಪ್ಪ ಅಂದರೆ ಗೇಟಿನ ಹತ್ತಿರ ಚಕ್ಕುಲಿ ಡಬ್ಬ ಹಿಡಿದು ನಿಂತಿರುತ್ತಿದ್ದವರು, ಇಂಗ್ಲಿಷಿನಲ್ಲಿ ಮಾರ್ಕ್ಸ್ ಎಷ್ಟು ಅಂತ ಕೇಳಿ, ಕನ್ನಡದಲ್ಲಿ ಕೇಳದೆ ಹೋಗುತ್ತಿದ್ದವರು.

ದಸರಾ ಮುಗಿದ ವಾರ ಅಪ್ಪ ಇನ್‌ಸ್ಟಿಟ್ಯೂಟಿನಲ್ಲೇ ಕುರ್ಚಿಯಿಂದ ಜಾರಿದರು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ನಾನು ಬಂದಾಗ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮಲಗಿದ್ದರು. ಡಾಕ್ಟರು, ಬುದ್ಧಿ ಚೆನ್ನಾಗಿದೆ, ಎಲ್ಲ ಅರ್ಥ ಆಗುತ್ತೆ, ನಾಲಿಗೆ ಮಾತ್ರ ಹೇಳಿದ ಹಾಗೆ ಕೇಳ್ತಾ ಇಲ್ಲ, ನಿಧಾನಕ್ಕೆ ಬರಬಹುದು ಅಂದರು. ಅವ್ವ ಅತ್ತಳು. ನಾನು ಡ್ರಿಪ್ ಬಾಟಲಿನ ಮೇಲಿನ ಅಕ್ಷರ ಓದುತ್ತಾ ನಿಂತಿದ್ದೆ. ಅವ್ವನ ಜೊತೆ ರೇಷ್ಮೆ ನೂಲು ಬಿಚ್ಚೋ ಶೆಡ್ಡಿನಲ್ಲಿ ಕೆಲಸ ಮಾಡುವ ಪುಟ್ಟಮಾದಮ್ಮ ನನ್ನ ಮುಖ ನೋಡಿ, "ಈ ಕೂಸಿನ ಕಣ್ಣಲ್ಲಿ ಒಂದು ಹನಿ ನೀರಿಲ್ವಲ್ಲ, ಹಾಸ್ಟೆಲ್ ಮಕ್ಕ ಇಂಗೇಯಾ" ಅಂದಳು. ನನಗೆ ಬೇಜಾರೂ ಆಗಲಿಲ್ಲ. ಹೌದಿರಬೇಕು ಅನ್ನಿಸಿತು.

ಮನೆಗೆ ಕರೆದುಕೊಂಡು ಬಂದ ಮೇಲೆ ಅಪ್ಪನ ಹಳೇ ಸ್ಟೂಡೆಂಟು ರುದ್ರಸ್ವಾಮಿ ನೋಡೋಕೆ ಬಂದರು. ಮೈಸೂರಿನ ಯಾವುದೋ ಆಫೀಸಿನಲ್ಲಿದ್ದಾರೆ. ಅಲ್ಲಿ ಬೇಡ ಅಂತ ಮೂಲೆಗೆ ಹಾಕಿದ್ದ ದಪ್ಪನೆ ಕಪ್ಪು ಲ್ಯಾಪ್‌ಟಾಪನ್ನು ಕೇಳಿ ತೆಗೆದುಕೊಂಡು, ಕನ್ನಡ ಸಾಫ್ಟ್‌ವೇರ್ ಹಾಕಿಸಿ, ಮುಂದಿನ ವಾರ ತಂದೇಬಿಟ್ಟರು. ಎಡಗೈ ಇದೆಯಲ್ಲ ಮೇಷ್ಟ್ರೇ, ನಮಗೆ ಒಂದೊಂದೇ ಕೈಯಲ್ಲಿ ಹೊಡೆಸುತ್ತಿದ್ದವರು ನೀವೇ ಅಲ್ವಾ ಅಂದರು. ನಿಜ, ಪೆನ್ನು ಕೊಟ್ಟರೆ ಅಪ್ಪನ ಎಡಗೈಯಲ್ಲಿ ಗೆರೆ ಎಲ್ಲೆಲ್ಲೋ ಹೋಗಿ, ಸಿಟ್ಟು ಬಂದು ಬಿಸಾಕುತ್ತಾರೆ. ಟೈಪ್‌ರೈಟರ್ ಗುದ್ದುವಷ್ಟು ಶಕ್ತಿ ಆ ಬೆರಳಿಗಿಲ್ಲ. ಇದರ ಕೀ ಮೆತ್ತಗೆ. ತೊಡೆ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆವು. ಅಪ್ಪ ತುಂಬಾ ಹೊತ್ತು ಕೀಗಳನ್ನೇ ನೋಡಿದರು. ಆಮೇಲೆ ಹುಡುಕಿ ಹುಡುಕಿ ಒಂದು ಸಾಲು ಹೊಡೆದರು. ಕಾಫಿಗೆ ಸಕ್ಕರೆ ಜಾಸ್ತಿ.

ಅವ್ವ ನಕ್ಕಳು, ನಗುತ್ತಾ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು. ಅವತ್ತಿನಿಂದ ಅಪ್ಪ ದಿನವೂ ನಾಲ್ಕೈದು ಸಾಲು ಮಾತಾಡುತ್ತಿದ್ದರು. ಎದುರುಮನೆ ರೇಡಿಯೋ ಕಮ್ಮಿ ಮಾಡಿಸು. ಬೆನ್ನು ತಿರುಗಿಸು, ಎಡಕ್ಕೆ. ಹುಡುಗರ ಪರೀಕ್ಷೆಗೆ ರಿಬ್ಬನ್ ತಂದಿಡಿ. ನನಗೆ ನೇರವಾಗಿ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬ್ಯಾಕ್‌ಸ್ಪೇಸ್ ಕೀಗೆ ಕಷ್ಟ ಶುರುವಾಗಿದ್ದು ಅಪ್ಪನ ಹಳೇ ಅಭ್ಯಾಸದಿಂದ. ಟೈಪ್‌ರೈಟರಿನಲ್ಲಿ ಅದನ್ನು ಒತ್ತಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತೆ ಅಷ್ಟೆ, ಹೊಡೆದ ಅಕ್ಷರ ಹಾಗೇ ಇರುತ್ತೆ. ಇದರಲ್ಲಿ ಅಕ್ಷರವೇ ಮಾಯ. ಅಪ್ಪ ಹಿಂದಕ್ಕೆ ಹೋಗಿ ತಪ್ಪಿದ ಅಕ್ಷರದ ಮೇಲೆ ಮತ್ತೆ ಹೊಡೆಯೋಣ ಅಂತ ಒತ್ತುವರು, ಇದ್ದದ್ದೂ ಹೋಗುವುದು, ಇನ್ನೂ ಜೋರಾಗಿ ಒತ್ತುವರು. ನಾನು ವಿವರಿಸಿದೆ. ಗೊತ್ತು ಅನ್ನೋ ಹಾಗೆ ಕಣ್ಣು ಮುಚ್ಚಿದರು, ಬೆರಳಿಗೆ ಮಾತ್ರ ಗೊತ್ತಾಗಲಿಲ್ಲ. ಅದರ ಮೇಲೆ ಹೋದ ವಾರ ಅವ್ವ ಅಂಬಲಿ ಕುಡಿಸುವಾಗ ಅಪ್ಪನಿಗೆ ಕೆಮ್ಮು ಬಂದು ಲೋಟ ಮಗುಚಿತು. ಚೆಲ್ಲಿದ್ದು ಸರಿಯಾಗಿ ಆ ಮೂಲೆಗೆ. ಒಣಗಿದ ಮೇಲೆ ಕೀ ಒತ್ತಿದರೆ ಇಳಿಯಲೇ ಇಲ್ಲ, ಗೋಂದು ಹಾಕಿ ಅಂಟಿಸಿದ ಹಾಗೆ.

ಇಂಜಿನಿಯರಿಂಗ್ ಓದುವ ಮಗಳು ಮನೆಯಲ್ಲಿದ್ದಾಳೆ, ಇನ್ಯಾರನ್ನು ಕೇಳುತ್ತಾರೆ? ನಾವು ಇಷ್ಟು ದಿನ ಕಲಿತದ್ದು ಡ್ರಾಯಿಂಗ್ ಶೀಟಿನಲ್ಲಿ ನಟ್ಟು ಬೋಲ್ಟು ಬರೆಯೋದು ಅಂತ ಯಾರಿಗೆ ಹೇಳಲಿ. ಶನಿವಾರ ಹೇರ್‌ಪಿನ್ ತಗೊಂಡು ಕೂತೆ. ಕೀ ಕ್ಯಾಪಿನ ಮೂಲೆಗೆ ಪಿನ್ ತೂರಿಸಿ ಎತ್ತಿದೆ, ಟಕ್ಕಂತ ಬಂತು. ಕೆಳಗೆ ಕತ್ತರಿ ಹಾಗೆ ಒಂದಕ್ಕೊಂದು ಅಡ್ಡ ಸೇರಿಸಿದ ಬಿಳೀ ಪ್ಲಾಸ್ಟಿಕ್ ಚೂರು ಎರಡು, ಅವುಗಳ ಮಧ್ಯೆ ಒಂದು ಪುಟ್ಟ ರಬ್ಬರ್ ಬಟ್ಟಲು, ಬೋರಲು ಹಾಕಿದ್ದು. ಒತ್ತಿದಾಗ ಆ ಬಟ್ಟಲು ಕುಸಿದು ಕೆಳಗಿನ ತೆಳು ಹಾಳೆಗೆ ತಾಗಬೇಕು, ಬಿಟ್ಟಾಗ ಕೀಯನ್ನು ಮೇಲಕ್ಕೆ ತಳ್ಳಬೇಕು. ಇಡೀ ಕೀಯ ಜೀವ ಇರೋದು ಅದರಲ್ಲಿ. ನನ್ನ ಪಿನ್ನು ಅದನ್ನೂ ಹರಿದುಕೊಂಡು ಬಂದಿತ್ತು.

ಆಮೇಲೆ ನಾನು ಮಾಡಿದ್ದನ್ನ ನಿನಗೆ ಹೇಳೋಕೆ ನಾಚಿಕೆ. ನಮ್ಮೂರಲ್ಲಿ ರೇಷ್ಮೆಗೂಡು ಏನಕ್ಕೆ ಬೇಕಾದರೂ ಬರುತ್ತೆ. ಹಾರ ಮಾಡುತ್ತಾರೆ, ತುದಿ ಕತ್ತರಿಸಿ ಸೂಜಿ ಚುಚ್ಚದ ಹಾಗೆ ಬೆರಳಿಗೆ ಟೋಪಿ ಹಾಕಿಕೊಳ್ಳುತ್ತಾರೆ, ಗೊಂಬೆಗೆ ತಲೆ ಮಾಡುತ್ತಾರೆ. ಗೂಡಿನ ತುದಿ ನೋಡಿದ್ದೀಯಲ್ಲ, ಒತ್ತಿದರೆ ಒಳಗೆ ಹೋಗಿ ಬಿಟ್ಟರೆ ಪಟ್ಟನೆ ಎದ್ದು ಬರುತ್ತೆ. ಆ ರಬ್ಬರ್ ಬಟ್ಟಲಿನ ತದ್ರೂಪು. ಅವ್ವನ ಶೆಡ್ಡಿನಿಂದ ಗಟ್ಟಿಯಾದ ಒಂದು ಗೂಡು ತಂದು, ಬ್ಲೇಡಿನಿಂದ ತುದಿಯನ್ನು ಬಟಾಣಿ ಗಾತ್ರಕ್ಕೆ ಕತ್ತರಿಸಿ, ರಬ್ಬರ್ ಇದ್ದ ಜಾಗದಲ್ಲಿ ಕೂರಿಸಿ ಕ್ಯಾಪ್ ಒತ್ತಿದೆ. ಕವಿ, ಕೆಲಸ ಮಾಡಿತು. ಒಂದು ಒತ್ತಿಗೆ ಒಂದು ಅಕ್ಷರ. ಪುಟ್ಟಮಾದಮ್ಮನನ್ನು ಕರೆದು ತೋರಿಸಿದೆ, ಅವಳು ಹತ್ತು ಸಲ ಒತ್ತಿ ನೋಡಿ, ಹುಳಕ್ಕೆ ಗೊತ್ತಾದರೆ ಕೂಲಿ ಕೇಳುತ್ತೆ ಅಂದಳು. ಅಪ್ಪ ಕೂಡ ಒತ್ತಿ ನೋಡಿದರು, ಆಮೇಲೆ ಹೊಡೆದರು. ಇದಕ್ಕೆ ಜರಿ ಬಾರ್ಡರ್ ಹಾಕು.

ಅಪ್ಪ ನನಗೆ ಅಂತಲೇ ಹೊಡೆದ ಮೊದಲನೇ ಸಾಲು ಅದು. ನನಗೆ ನಗು ಬರಬೇಕಿತ್ತು. ಬಂದ ಹಾಗೆ ಮಾಡಿದೆ.

ಮಾರನೇ ದಿನ ಭಾನುವಾರ ಹನೂರಿನಿಂದ ದೊಡ್ಡಪ್ಪ ಬಂದರು. ದೊಡ್ಡಮಾದಪ್ಪ ಅಂತ, ಅಪ್ಪನ ಅಣ್ಣ. ನಿಮ್ಮ ಹನೂರಿನ ಬಸ್‌ಸ್ಟ್ಯಾಂಡ್ ಹಿಂದೆ ಗೊಬ್ಬರದ ಅಂಗಡಿ ಇಟ್ಟಿದ್ದಾರೆ, ನೀನು ನೋಡಿರಲೂಬಹುದು. ಕೆಟ್ಟವರಲ್ಲ. ಬರುವಾಗ ಒಂದು ಚೀಲ ರಾಗಿ ತಂದಿದ್ದರು. ಅವರು ಬಂದದ್ದು ನನ್ನ ವಿಷಯ ಮಾತಾಡೋಕೆ. ಅವ್ವನ ಹೆಸರು ಹಿಡಿದು, ಶಿವರತ್ನ ಬೆಳಿಗ್ಗೆ ಶೆಡ್ಡಿಗೆ ಹೋದರೆ ಸಾಯಂಕಾಲ ಬರ್ತಾಳೆ, ಅಲ್ಲಿಯತನಕ ಇವನನ್ನು ಹೊರಳಿಸೋರು ಯಾರು, ಬಾಯಿಗೆ ಹಾಕೋರು ಯಾರು, ಹೆಣ್ಣುಮಗ ಮನೇಲಿರಲಿ, ಓದು ಎಲ್ಲಿಗೂ ಓಡಿಹೋಗಲ್ಲ ಅಂದರು. ಅವ್ವ ಒಪ್ಪಲಿಲ್ಲ. ಮಗಳು ಐದನೇ ಕ್ಲಾಸಿನಿಂದ ಹೊರಗಿದ್ದು ಕಲಿತದ್ದು ಮನೇಲಿ ಕೂರೋಕಲ್ಲ, ನಾನು ಮಧ್ಯಾಹ್ನ ಬಂದು ನೋಡಿಕೊಂಡು ಹೋಗ್ತೀನಿ, ಪುಟ್ಟಮಾದಮ್ಮನ ಸೊಸೆ ಪಕ್ಕದಲ್ಲೇ ಇದ್ದಾಳೆ ಅಂದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಕಾಫಿ ಲೋಟ ಎತ್ತಿಡುತ್ತಿದ್ದೆ.

ದೊಡ್ಡಪ್ಪ ಅಪ್ಪನ ಹತ್ತಿರ ಹೋಗಿ, ಮೊಗ ಮನೇಲಿರ್ಲಾ ಅಂತ ಕೇಳಿದರು. ಅಪ್ಪ ತಲೆ ಆಡಿಸಿದರು. ನೋಡ್ದಾ ಅಂದರು ದೊಡ್ಡಪ್ಪ. ಅವ್ವ ಬಂದು, ಅವಳು ಕಾಲೇಜಿಗೆ ಹೋಗ್ಲಾ ಅಂತ ಕೇಳಿದಳು. ಅದಕ್ಕೂ ತಲೆ ಆಡಿಸಿದರು. ಅಪ್ಪ ಈಗ ಎಲ್ಲಕ್ಕೂ ಹಾಗೇ ಆಡಿಸುತ್ತಾರೆ ಕಣೇ, ಕುತ್ತಿಗೆಯೂ ಪೂರ್ತಿ ಹಿಡಿತದಲ್ಲಿಲ್ಲ. ಆಮೇಲೆ ಅವ್ವ ಹೇಳಿದಳು,

"ಈ ತಲೆ ಆಡ್ಸೋದ ನಾನು ನಂಬಲ್ಲ ಭಾವ, ನಿಮ್ಮುದ್ದೂ ಬ್ಯಾಡ ನನ್ದೂ ಬ್ಯಾಡ. ಆ ಪೆಟ್ಟಿಗೇಲಿ ಹೊಡ್ದು ತೋರುಸ್ಲಿ. ಅವ್ರು ಏನು ಹೊಡೀತರೋ ಅಂಗೇ ಆಗ್ಲಿ."

ದೊಡ್ಡಪ್ಪ ಆಯ್ತು ಅಂದರು. ನಾನು ಲ್ಯಾಪ್‌ಟಾಪ್ ತಂದು ದಿಂಬಿನ ಮೇಲಿಟ್ಟೆ.

ಶನಿವಾರ ರಾತ್ರಿಯಿಂದ ಜಡಿಮಳೆ. ನಮ್ಮ ಮನೆಗೂ ಶೆಡ್ಡಿಗೂ ಮಧ್ಯೆ ಒಂದೇ ಗೋಡೆ, ಗೂಡು ಬೇಯಿಸೋ ಹಬೆಯೂ ಈ ಕಡೆಗೇ ಬರುತ್ತೆ. ನಾನು ಅದನ್ನು ಯೋಚಿಸಿರಲಿಲ್ಲ. ಗೂಡು ಗಟ್ಟಿಯಾಗಿರೋದು ಅದರ ಗೋಂದಿನಿಂದ, ತೇವ ಕಂಡರೆ ಗೋಂದು ಕರಗಿ ಮೆತ್ತಗಾಗುತ್ತೆ, ಅದಕ್ಕೇ ತಾನೇ ಬಿಸಿನೀರಿಗೆ ಹಾಕಿ ನೂಲು ಬಿಚ್ಚೋದು. ಈ ಊರಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಅಪ್ಪ ಎಡಗೈ ಎತ್ತಿ ಸಿಂಧು ಅಂತ ನನ್ನ ಹೆಸರು ಹೊಡೆದರು. ಮುಂದೆ ಏನೋ ತಪ್ಪಾಯಿತು, ಬ್ಯಾಕ್‌ಸ್ಪೇಸ್ ಒತ್ತಿದರು. ಕೀ ಕೆಳಗೆ ಹೋಯಿತು, ಮೇಲೆ ಬರಲಿಲ್ಲ. ಸ್ಕ್ರೀನಿನಲ್ಲಿ ಮಿನುಗುವ ಕಡ್ಡಿ ಹಿಂದಕ್ಕೆ ಓಡಿ ನನ್ನ ಹೆಸರನ್ನೂ ತಿಂದು ಸಾಲಿನ ಮೊದಲಿಗೆ ಹೋಗಿ ನಿಂತಿತು. ಅಪ್ಪ ಮತ್ತೆ ಹೊಡೆದರು, ಅಕ್ಷರ ಮೂಡುವ ಮುಂಚೆ ಅಳಿಯುತ್ತಿತ್ತು. ಮತ್ತೆ. ಮತ್ತೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಿದ್ದರು.

"ಅಲ್ಲಾ, ಬರೀತನೆ, ಅವನೇ ಅಳುಸ್ತನೆ. ಪಾಪ, ಅವನಿಗೂ ಮನ್ಸು ಗಟ್ಟಿ ಇಲ್ಲ ಕಣಮ್ಮ" ಅಂದರು.

ಅಪ್ಪ ಎಡಗೈಯಿಂದ ಮಂಚದ ಹಲಗೆಗೆ ಗುದ್ದಿದರು. ಗಂಟಲಿನಿಂದ ಒಂದು ಸದ್ದು ಬಂತು. ಅಂಥ ಸದ್ದು ನಾನು ಕೇಳಿರಲಿಲ್ಲ. ನಾನು ಹೋಗಿ ಸ್ವಿಚ್ ಆಫ್ ಮಾಡಿದೆ. ಗೂಡಿನ ತುದಿ ಒಳಗೆ ಚಪ್ಪಟೆಯಾಗಿ ಹಾಳೆಗೆ ಅಂಟಿಕೊಂಡಿತ್ತು, ಬಿಸಿ ಅನ್ನದ ಅಗುಳಿನ ಹಾಗೆ. ಉಗುರಿನಿಂದ ಕೆರೆದು ತೆಗೆದೆ. ಹೋಗುವಾಗ ದೊಡ್ಡಪ್ಪ ನನ್ನ ತಲೆ ಮೇಲೆ ಕೈಯಿಟ್ಟು, "ಏನವ್ವ ಇಂಜಿನೀರಮ್ಮ, ಒಂದು ಗುಂಡಿ ಕೂರ್ಸಕ್ಕೆ ಆಗ್ನಿಲ್ವಾ ನಿನ್ನ ಕೈಲಿ" ಅಂದರು. ತಮಾಷೆಗೇ ಅಂದದ್ದು. ಅವ್ವ ಮಾತ್ರ ನಗಲಿಲ್ಲ. ಗುಂಡಿ ಸರಿಹೋಗಲಿ, ಅವರು ಹೊಡೆದು ತೋರಿಸಲಿ, ಅಲ್ಲಿತನಕ ಇವಳು ಇಲ್ಲೇ ಇರಲಿ ಅಂದಳು. ದೊಡ್ಡಪ್ಪನಿಗೆ ಕೊಟ್ಟ ಮಾತಲ್ಲವಾ, ಮುರಿಯೋ ಹಾಗಿಲ್ಲ.

ಹಾಗಾಗಿ ನಾನು ಇಲ್ಲಿದ್ದೇನೆ. ಈ ಕೀ ಸರಿಹೋಗಬೇಕು, ಅಪ್ಪ ಹೋಗು ಅಂತಲೋ ಇರು ಅಂತಲೋ ಹೊಡೆಯಬೇಕು. ಅಷ್ಟೇ ಬಾಕಿ.

ಇದುವರೆಗೆ ಏನೇನು ನೋಡಿದೆ ಅಂತ ಬರೆಯುತ್ತೇನೆ, ನಮ್ಮ ಹಾಸ್ಟೆಲಿನ ಎಲೆಕ್ಟ್ರಾನಿಕ್ಸ್ ಹುಡುಗಿಯರಿಗೆ ತೋರಿಸು. ಸೋಮವಾರ ಕ್ಯಾಪ್ ತೆಗೆದು ಬರೀ ಹಾಳೆ ಇಟ್ಟುಕೊಂಡು ಆನ್ ಮಾಡಿದೆ. ಯಾರೂ ಮುಟ್ಟದೆ ಇದ್ದರೂ ಅಳಿಸುತ್ತಲೇ ಇತ್ತು, ಅಂದರೆ ತಪ್ಪು ಗೂಡಿನದ್ದು ಮಾತ್ರ ಅಲ್ಲ, ಅಂಬಲಿ ಇನ್ನೂ ಒಳಗಿದೆ. ಅಪ್ಪನಿಗೆ ಇಂಜೆಕ್ಷನ್ ಕೊಡೋಕೆ ಬರುವ ಕಾಂಪೌಂಡರ್ ಹತ್ತಿರ ಸ್ವಲ್ಪ ಸ್ಪಿರಿಟ್ ಕೇಳಿ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ಬಂತು. ನಾಲ್ಕು ಸಲ ಒರೆಸಿ ಒಣಗಿಸಿದ ಮೇಲೆ ತಾನಾಗೇ ಅಳಿಸೋದು ನಿಂತಿತು. ಪೆನ್ನಿನ ಹಿಂಭಾಗದಿಂದ ಹಾಳೆಯನ್ನು ಮೆಲ್ಲಗೆ ಒತ್ತಿದರೆ ಒಂದು ಅಕ್ಷರ ಹೋಯಿತು. ಹಾಳೆ ಸರಿಯಿದೆ. ಬಿಳೀ ಚೂರುಗಳ ಕೊಕ್ಕೆ ಮುರಿದಿಲ್ಲ, ಕಣ್ಣ ಹತ್ತಿರ ಹಿಡಿದು ನೋಡಿದೆ. ಹಾಗಾದರೆ ಬೇಕಿರೋದು ಆ ರಬ್ಬರ್ ಬಟ್ಟಲು ಒಂದೇ. ಸೈಕಲ್ ಟ್ಯೂಬು ಕತ್ತರಿಸಿ ಇಟ್ಟೆ, ಗಟ್ಟಿಯಾಯಿತು, ಕೀ ಇಳಿಯಲಿಲ್ಲ. ಕಾಂಪೌಂಡರ್ ಕೊಟ್ಟ ಔಷಧಿ ಸೀಸೆಯ ಬಿರಡೆ ಚೂರು ಇಟ್ಟೆ, ಒಂದು ಒತ್ತಿಗೆ ಮೂರು ಅಕ್ಷರ ಹೋಯಿತು. ಮಂಗಳವಾರ ಮತ್ತೆ ಬಿಚ್ಚಿದೆ. ಆಗಲಿಲ್ಲ.

ಕ್ಯಾಪ್ ಇಲ್ಲದೆ ಹಾಗೇ ಬಿಟ್ಟರೆ ಏನು, ಬೇರೆ ಕೀ ಎಲ್ಲ ಸರಿಯಿದೆಯಲ್ಲ ಅಂತ ನೀನು ಕೇಳುತ್ತೀಯ. ನಾನೂ ಯೋಚಿಸಿದೆ. ಅಪ್ಪನ ಕೈ ತಪ್ಪಾದಾಗೆಲ್ಲ ಆ ಮೂಲೆಗೆ ಹೋಗೇ ಹೋಗುತ್ತೆ, ಬರೀ ಹಾಳೆ ಮೇಲೆ ಬೆರಳು ಊರಿದರೆ ಮತ್ತೆ ಎಲ್ಲ ಅಳಿದುಹೋಗುತ್ತೆ. ಅರ್ಧಂಬರ್ಧ ಬರೆದದ್ದನ್ನು ಇಟ್ಟುಕೊಂಡು ಅವ್ವ ತೀರ್ಮಾನ ಮಾಡಬಾರದು ಅಲ್ಲವಾ. ಮಾಡಿದರೆ ಸರಿಯಾಗೇ ಮಾಡಬೇಕು.

ಅದಕ್ಕೇ ನಿನ್ನಿಂದ ಒಂದು ಉಪಕಾರ. ಮೈಸೂರಿನಲ್ಲಿ ಹಳೇ ಕಂಪ್ಯೂಟರ್ ಬಿಚ್ಚಿ ಮಾರುವ ಅಂಗಡಿಗಳಿವೆಯಂತೆ, ರುದ್ರಸ್ವಾಮಿ ಹೇಳಿದ್ದರು. ಹಾಳಾದ ಲ್ಯಾಪ್‌ಟಾಪ್ ಕೀಬೋರ್ಡ್ ಯಾವುದಾದರೂ ಸಿಕ್ಕರೆ ಅದರಿಂದ ಒಂದೇ ಒಂದು ರಬ್ಬರ್ ಬಿಡಿಸಿಕೊಂಡು ಕವರಿನಲ್ಲಿ ಹಾಕಿ ಕಳಿಸು. ಅಳತೆಗೆ ಹರಿದುಹೋದದ್ದನ್ನ ಇದರ ಜೊತೆ ಇಟ್ಟಿದ್ದೇನೆ, ಬೀಳಿಸಬೇಡ, ಒಂದು ಬಟಾಣಿ ಕಾಳಿನಷ್ಟು ಅಷ್ಟೆ. ಅವಸರ ಮಾಡಿಕೊಳ್ಳಬೇಡ. ನಿನಗೆ ಟೆಸ್ಟ್ ಇದೆ ಅಂತ ಗೊತ್ತು. ಭಾನುವಾರ ಹೋದರೂ ಸಾಕು. ಸೋಮವಾರದ ನೋಟಿಸಿಗೆ ತಡವಾಗುತ್ತೆ ನಿಜ, ಆದರೆ ಏನು ಮಾಡೋದು, ಸಾಮಾನು ಇಲ್ಲದೆ ರಿಪೇರಿ ಆಗಲ್ಲವಲ್ಲ. ಎಚ್‌ಓಡಿ ಸರ್ ಕೇಳಿದರೆ ಮನೆಯಲ್ಲಿ ಕಷ್ಟ ಅಂತ ಹೇಳು. ಕೀ ವಿಷಯ ಹೇಳಬೇಡ, ನಗುತ್ತಾರೆ.

ಮೊದಲನೇ ಇಂಟರ್ನಲ್ಸ್ ಪೇಪರ್ ಕೊಟ್ಟರಾ? ನನ್ನದನ್ನು ನೀನು ಇಸ್ಕೋಬೇಡ. ಅಲ್ಲೇ ಇರಲಿ. ನೋಟ್ಸ್ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ ಅಂತ ಬರೆದಿದ್ದೀಯ, ಥ್ಯಾಂಕ್ಸ್, ಆದರೆ ಕಳಿಸಬೇಡ, ಇಲ್ಲಿ ಇಡೋಕೆ ಜಾಗ ಇಲ್ಲ. ನೀನು ಮೂರನೇ ಬೆಂಚಿನಲ್ಲಿ ನನ್ನ ಜಾಗದಲ್ಲಿ ಬ್ಯಾಗ್ ಇಡುತ್ತಿದ್ದೀಯ ಅಂತ ಓದಿ ಒಂದು ಥರ ಆಯಿತು. ಇಡಬೇಡ. ಬೇರೆ ಯಾರಾದರೂ ಕೂರಲಿ. ಅವತ್ತು ಮ್ಯಾಥ್ಸ್ ಸರ್ ನನ್ನನ್ನು ಎಬ್ಬಿಸಿ ಕೇಳಿದಾಗ ನೀನು ಕೆಳಗಿನಿಂದ ಪುಸ್ತಕ ತೋರಿಸುತ್ತಿದ್ದೆಯಲ್ಲ, ಅದು ನನಗೆ ಕಾಣುತ್ತಿತ್ತು. ಓದಲೂ ಬಂತು. ಬಾಯಿಗೆ ಬರಲಿಲ್ಲ. ನಿನಗೆ ಹೇಳಿರಲಿಲ್ಲ ಅನ್ನಿಸುತ್ತೆ.

ಇಲ್ಲಿ ದಿನ ಹೋಗುತ್ತೆ. ಬೆಳಿಗ್ಗೆ ಅಪ್ಪನ ಮುಖ ಒರೆಸಿ, ಬಲಗೈಯ ಬೆರಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ಹಚ್ಚುತ್ತೇನೆ. ಡಾಕ್ಟರು ಹಾಗೆ ಮಾಡಿ ಅಂದಿದ್ದಾರೆ. ಬಿಟ್ಟ ತಕ್ಷಣ ಮತ್ತೆ ಮುಚ್ಚಿಕೊಳ್ಳುತ್ತವೆ. ಪಕ್ಕದ ಶೆಡ್ಡಿನಲ್ಲಿ ಚರಕ ತಿರುಗೋ ಸದ್ದು, ಹೆಂಗಸರ ಮಾತು. ನನ್ನ ಬಾಯಲ್ಲಿ ಒಂದು ಇಂಗ್ಲಿಷ್ ಪದ ಬಂದರೆ ಪುಟ್ಟಮಾದಮ್ಮ ಅದನ್ನೇ ಹಿಡಿದುಕೊಂಡು ಸಾಯಂಕಾಲದತನಕ ಆಡಿಸುತ್ತಾಳೆ. ಹಾಸ್ಟೆಲಿನಲ್ಲಿ ಕನ್ನಡ ಆಡಿದರೆ ಫೈನ್, ಇಲ್ಲಿ ಇಂಗ್ಲಿಷ್ ಆಡಿದರೆ ನಗು. ಪರವಾಗಿಲ್ಲ. ಇಲ್ಲಿ ಯಾರೂ ಎದ್ದು ನಿಲ್ಲು ಅನ್ನುವುದಿಲ್ಲ. ಅಪ್ಪನೂ ನಾನೂ ಎಷ್ಟೋ ಹೊತ್ತು ಒಂದೇ ಕೋಣೆಯಲ್ಲಿ ಸುಮ್ಮನೆ ಇರುತ್ತೇವೆ. ಇದನ್ನು ಬರೆಯುವಾಗಲೂ ಅವರು ನನ್ನ ಕಡೆಗೇ ನೋಡುತ್ತಾ ಮಲಗಿದ್ದಾರೆ. ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ, ನಾಲ್ಕು ಹಾಳೆ ಹರಿದು ಹಾಕಿದೆ. ಯಾರಿಗೆ ಅಂತ ಅವರಿಗೆ ಗೊತ್ತು.

ಅವ್ವ ದಿನಾ ಶೆಡ್ಡಿನಿಂದ ಬಂದವಳೇ ಕೈ ಒರೆಸಿಕೊಳ್ಳುತ್ತಾ ಆಯ್ತಾ ಅಂತ ಕೇಳುತ್ತಾಳೆ. ಇಡೀ ದಿನ ಬಿಸಿನೀರಿನಲ್ಲಿ ಇಟ್ಟು ಅವಳ ಬೆರಳ ತುದಿ ಬೆಳ್ಳಗೆ ನೆರಿಗೆ ಬಿದ್ದಿರುತ್ತೆ. ಇನ್ನೂ ಇಲ್ಲ ಅವ್ವ ಅನ್ನುತ್ತೇನೆ. ಆಗುತ್ತೆ ಬುಡು, ನೀನು ಮಾಡ್ತೀಯ ಅನ್ನುತ್ತಾಳೆ. ಅವಳಿಗೆ ಅದು ಆಗಿಯೇ ಆಗುತ್ತೆ ಅನ್ನೋದರಲ್ಲಿ ಅನುಮಾನವೇ ಇಲ್ಲ.

ಹಸಿವಿದೆ, ನಿದ್ದೆಯೂ ಬರುತ್ತೆ, ನನ್ನ ಬಗ್ಗೆ ಯೋಚನೆ ಮಾಡಬೇಡ. ಹನೂರಿಗೆ ಹೋದಾಗ ನಿಮ್ಮ ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು. ರಬ್ಬರ್ ಸಿಗದಿದ್ದರೆ ಇನ್ನೊಂದು ಅಂಗಡಿ ನೋಡು, ಅಲ್ಲೂ ಇಲ್ಲದಿದ್ದರೆ ಬಿಡು.

ನಿನ್ನ ಪಕ್ಕದ ಮಂಚದವಳು,
ಸಿಂಧು

ತಾ.ಕ.: ಗುರುವಾರ ಬೆಳಿಗ್ಗೆ. ನಿನ್ನೆ ಕವರ್ ಅಂಟಿಸಿರಲಿಲ್ಲ. ರಬ್ಬರ್ ಹುಡುಕಬೇಡ ಕವಿ. ಕೀ ಮಂಗಳವಾರವೇ ಸರಿಹೋಗಿತ್ತು. ಮೇಲಿನ ಸಾಲಿನಲ್ಲಿ ಯಾರೂ ಒತ್ತದ ಒಂದು ಕೀ ಇತ್ತು, ಅದರ ರಬ್ಬರನ್ನು ಬ್ಲೇಡಿನಿಂದ ಮೆಲ್ಲಗೆ ಬಿಡಿಸಿ ಇದಕ್ಕೆ ಕೂರಿಸಿದೆ. ಚೆನ್ನಾಗಿ ಕೂತಿತು. ಎಷ್ಟು ಸಲ ನೋಡಿದರೂ ಒಂದು ಒತ್ತಿಗೆ ಸರಿಯಾಗಿ ಒಂದೇ ಅಕ್ಷರ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಅಂದುಕೊಂಡೆ. ಲ್ಯಾಪ್‌ಟಾಪನ್ನು ಅದರ ಬ್ಯಾಗಿಗೆ ಹಾಕಿ ಬೀರು ಮೇಲಿಟ್ಟೆ. ಅವ್ವ ಬಂದು ಕೇಳಿದಾಗ ಇನ್ನೂ ಇಲ್ಲ ಅಂದೆ. ಅಪ್ಪ ಹೋಗು ಅಂತಲೇ ಹೊಡೆಯುತ್ತಾರೆ, ನನಗೆ ಗೊತ್ತು.

ನಿನ್ನೆ ಸಾಯಂಕಾಲ ಈ ಕಾಗದ ಮುಗಿಸಿ ಮಡಿಸುವಾಗ ಅಪ್ಪ ಎಡಗೈಯಿಂದ ಬೀರು ತೋರಿಸಿದರು. ಅದು ಹಾಳಾಗಿದೆ ಅಪ್ಪ ಅಂದೆ. ಕೈ ಇಳಿಸಲಿಲ್ಲ. ತಂದು ದಿಂಬಿನ ಮೇಲಿಟ್ಟೆ. ನಿಧಾನಕ್ಕೆ ಹೊಡೆದರು.

"ಕೀ ಸರಿಯಾಗಿದೆ. ನಿನ್ನೆ ಸದ್ದು ಕೇಳಿಸಿತು. ನಿಮ್ಮ ಅವ್ವನಿಗೆ ನಾನು ಹೇಳಲ್ಲ. ನೀನೇ ಹೇಳು."

ನಾನು ಓದಿ ಮುಗಿಸೋವರೆಗೆ ಕಾದರು. ಆಮೇಲೆ ಕೈಯನ್ನು ಅಡ್ಡಲಾಗಿ ಆ ಮೂಲೆಗೆ ಚಾಚಿ ಬ್ಯಾಕ್‌ಸ್ಪೇಸ್ ಒತ್ತಿದರು. ಒತ್ತಿ ಹಿಡಿದಿದ್ದರೆ ಒಂದು ಗಳಿಗೆಯಲ್ಲಿ ಹೋಗುತ್ತಿತ್ತು. ಒಂದೊಂದೇ ಅಕ್ಷರ ಒತ್ತಿ, ಕೊನೆಯಿಂದ ಮೊದಲಿನತನಕ ಎಲ್ಲ ಅಳಿಸಿದರು. ಅಷ್ಟರಲ್ಲಿ ಅವ್ವ ಒಳಗೆ ಬಂದಳು. ಖಾಲಿ ಸ್ಕ್ರೀನ್ ನೋಡಿ ಇವತ್ತೂ ಆಗ್ನಿಲ್ವಾ ಅಂದಳು. ನಾನು ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದೆ.

ಈಗ ಅವ್ವ ಶೆಡ್ಡಿಗೆ ಹೊರಡೋಕೆ ತಲೆ ಬಾಚಿಕೊಳ್ಳುತ್ತಿದ್ದಾಳೆ. ಕೀ ಸರಿಹೋಯಿತು ಅಂದರೆ ನಾಳೆ ಬಸ್ಸಿಗೆ ಹೊರಡು ಅನ್ನುತ್ತಾಳೆ. ಆಗ ನನಗೆ ಅಲ್ಲಿ ಪಾಠ ಒಂದೂ ಅರ್ಥ ಆಗುತ್ತಿಲ್ಲ, ಮೊದಲ ವಾರದಿಂದಲೂ ಆಗಿಲ್ಲ, ಹೋಗೋಕೆ ಭಯ ಅಂತಲೂ ಹೇಳಬೇಕು. ಎರಡನ್ನೂ ಹೇಳುತ್ತೇನೆ. ಹೇಳಿದ ಮೇಲೆಯೇ ಇದನ್ನು ಪೋಸ್ಟ್ ಡಬ್ಬಕ್ಕೆ ಹಾಕುತ್ತೇನೆ. ಈ ಕಾಗದ ನಿನ್ನ ಕೈಗೆ ಬಂದಿದ್ದರೆ, ಹೇಳಿದ್ದೇನೆ ಅಂತ ತಿಳಿ.